ಬೈಕರ್ ಕ್ಲಬ್ ಪ್ರೇಮಕಾದಂಬರಿ ಮೊದಲ ಸಲ ಓದಿದೆ: ಜಾಕೆಟ್ಟಿನ ಬೆನ್ನಿನ ಆ ಬರಹವನ್ನು ನೀವೆಲ್ಲ ಹೇಗೆ ಓದಿಕೊಳ್ಳುತ್ತೀರಿ?

ಜಮಾಖರ್ಚು ಬರೆದದ್ದು:

ಎಲ್ಲರಿಗೂ ನಮಸ್ಕಾರ. ನಾನು 31 ವರ್ಷ ಲೆಕ್ಕಪತ್ರ ವಿಭಾಗದಲ್ಲಿ ದುಡಿದು ನಿವೃತ್ತಳಾದವಳು. ಪ್ರೇಮಕಾದಂಬರಿ ನನಗೆ ಹೊಸದಲ್ಲ. ಮೋಟರ್‌ಸೈಕಲ್ ಕ್ಲಬ್ಬಿನ ಪ್ರೇಮಕಾದಂಬರಿ ಎಂಬ ಬಗೆಯೊಂದಿದೆ ಎಂದು ತಿಳಿದದ್ದು ಮಾತ್ರ ಹತ್ತು ದಿನಗಳ ಹಿಂದೆ. ಅಕ್ಕನ ಮಗಳು ತನ್ನ ಹಳೆಯ ಕಿಂಡಲ್ ಕೊಟ್ಟಳು. ಅವಳು ಅಳಿಸದೆ ಬಿಟ್ಟಿದ್ದ ಪುಸ್ತಕವೊಂದರ ಮುಖಪುಟದಲ್ಲಿ ಗಂಡಸಿನ ಎದೆ ಮತ್ತು ತೊಗಲಿನ ಜಾಕೆಟ್ ಇತ್ತು, ಮುಖವಿರಲಿಲ್ಲ. ಮುಚ್ಚಿಬಿಡಬೇಕೆಂದಿದ್ದೆ. ಆದರೆ ಮೊದಲ ಪುಟದಲ್ಲಿಯೇ ನಾಯಕಿ ಒಂದು ಗ್ಯಾರೇಜಿನ ಲೆಕ್ಕದ ಪುಸ್ತಕ ತೆರೆದು ಕುಳಿತಿದ್ದಳು. ಬಿಡಿಭಾಗಗಳ ಖರೀದಿಗೂ ದಾಸ್ತಾನಿಗೂ ತಾಳೆಯಾಗುತ್ತಿರಲಿಲ್ಲ. ಆ ವ್ಯತ್ಯಾಸ ಎಲ್ಲಿಂದ ಬಂತು ಎಂದು ತಿಳಿಯದೆ ನನಗೆ ನಿದ್ದೆ ಬರುವಂತಿರಲಿಲ್ಲ. ಮೂರು ರಾತ್ರಿಗಳಲ್ಲಿ ಪುಸ್ತಕ ಮುಗಿಯಿತು. ಹೆಸರು ಹೇಳಿದರೆ ಮುಂದೆ ಓದುವವರಿಗೆ ಗುಟ್ಟು ಬಯಲಾಗುತ್ತದೆ, ಆದ್ದರಿಂದ ಹೇಳುವುದಿಲ್ಲ.

ಭಾಷೆಯೇ ಮೊದಲ ತೊಡಕು. ‘ಚರ್ಚ್’ ಇದೆ ಎಂದು ಗಂಡಸರೆಲ್ಲ ಒಳಗೆ ಹೋದಾಗ ಇವರು ದೈವಭಕ್ತರಿರಬೇಕು ಎಂದುಕೊಂಡೆ. ಅದು ಸದಸ್ಯರು ಬಾಗಿಲು ಮುಚ್ಚಿಕೊಂಡು ನಡೆಸುವ ಸಭೆ ಎಂದು ಅರ್ಥವಾಗಲು ನಾಲ್ಕು ಅಧ್ಯಾಯ ಬೇಕಾಯಿತು. ‘ಓಲ್ಡ್ ಲೇಡಿ’ ಎಂದರೆ ಯಾರದೋ ತಾಯಿ ಎಂದು ಓದುತ್ತಿದ್ದೆ. 26ರ ಹುಡುಗಿಯನ್ನು ಹಾಗೆ ಕರೆದಾಗ ಹಿಂದಿನ ಪುಟಗಳಿಗೆ ಹೋಗಿ ಮತ್ತೆ ಓದಿಕೊಂಡು ಬಂದೆ, ಸದಸ್ಯನ ಹೆಂಡತಿ ಅಥವಾ ಕಾಯಂ ಸಂಗಾತಿ ಎಂದು ಆಗ ತಿಳಿಯಿತು. ‘ಪ್ರಾಸ್ಪೆಕ್ಟ್’ ಎಂದರೆ ಸದಸ್ಯತ್ವಕ್ಕಾಗಿ ಕಾಯುತ್ತ ಹೇಳಿದ ಕೆಲಸವನ್ನೆಲ್ಲ ಮಾಡುವ ಹುಡುಗ, ‘ಕಟ್’ ಎಂದರೆ ಲಾಂಛನ ಹೊಲಿದ ತೋಳಿಲ್ಲದ ಜಾಕೆಟ್. ಇವನ್ನೆಲ್ಲ ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡೆ.

ನಾಯಕಿ ಲೆಕ್ಕದ ವ್ಯತ್ಯಾಸವನ್ನು ಕಂಡುಹಿಡಿಯುತ್ತಾಳೆ. ಕ್ಲಬ್ಬಿನ ಒಳಗಿನವನೇ ಒಬ್ಬ ಹಣ ತೆಗೆಯುತ್ತಿದ್ದಾನೆ. ಆದರೆ ಆ ಸಭೆಗೆ ಹೆಂಗಸರಿಗೆ ಪ್ರವೇಶವಿಲ್ಲ. ಅವಳ ಲೆಕ್ಕದ ಪುಸ್ತಕ ಒಳಗೆ ಹೋಗುತ್ತದೆ, ಅವಳು ಬಾಗಿಲ ಹೊರಗೆ ನಿಲ್ಲುತ್ತಾಳೆ. ನನ್ನ ಕೈಬರಹದ ಟಿಪ್ಪಣಿ ಹಿಡಿದುಕೊಂಡು ಬೇರೆಯವರು ಸಭೆಗೆ ಹೋದ ದಿನಗಳು ನನಗೂ ಇದ್ದವು. ಸಿಟ್ಟು ಬಂತು. ಆದರೂ ಪುಟ ತಿರುಗಿಸಿದೆ.

ಆಮೇಲೆ ಆಸ್ಪತ್ರೆಯ ಅಧ್ಯಾಯ ಬಂತು. ನಾಯಕಿಯ ತಮ್ಮನಿಗೆ ಅಪಘಾತ, ನಾಯಕ ದೂರದಲ್ಲೆಲ್ಲೋ ಇದ್ದಾನೆ. ರಾತ್ರಿ ಎರಡು ಗಂಟೆಗೆ ಶಸ್ತ್ರಚಿಕಿತ್ಸೆಯ ಕೊಠಡಿಯ ಹೊರಗೆ ಅವಳೊಬ್ಬಳೇ. ಹೊತ್ತು ಕಳೆದಂತೆ ಒಬ್ಬೊಬ್ಬರಾಗಿ ಬರುತ್ತಾರೆ. ಯಾರೂ ಸಮಾಧಾನದ ಮಾತು ಆಡುವುದಿಲ್ಲ. ಪ್ರಾಸ್ಪೆಕ್ಟ್ ಹುಡುಗ ಅವಳ ಕೈಯಿಂದ ಫೋನ್ ತೆಗೆದುಕೊಂಡು ಚಾರ್ಜಿಗೆ ಹಾಕುತ್ತಾನೆ. ಅಧ್ಯಕ್ಷನ ಹೆಂಡತಿ ತನ್ನ ಚಪ್ಪಲಿಯನ್ನು ಇವಳಿಗೆ ಕೊಟ್ಟು ಬರಿಗಾಲಲ್ಲಿ ಕುಳಿತುಕೊಳ್ಳುತ್ತಾಳೆ. ಬೆಳಕು ಹರಿದಾಗ ಕಿಟಕಿಯ ಕೆಳಗೆ ಮೋಟರ್‌ಸೈಕಲ್‌ಗಳು ಸಾಲಾಗಿ ನಿಂತಿವೆ. ಅವಳು ಎಣಿಸುತ್ತಾಳೆ, 23. ನಾನು ಅಲ್ಲಿಯೇ ಪುಸ್ತಕ ಮಡಿಲಲ್ಲಿಟ್ಟು ಅತ್ತೆ. ನನ್ನ ಯಜಮಾನರ ಶಸ್ತ್ರಚಿಕಿತ್ಸೆಯ ರಾತ್ರಿ ನಾನು ಒಂಬತ್ತು ಗಂಟೆ ಒಬ್ಬಳೇ ಕುಳಿತಿದ್ದೆ. ಪಕ್ಕದ ಕುರ್ಚಿಯಲ್ಲಿ ನನ್ನ ಕೈಚೀಲವಿತ್ತು.

ಹೀಗೆ ಮನಸ್ಸು ಪೂರ್ತಿ ಒಪ್ಪಿಸಿ ಓದುತ್ತಿದ್ದವಳಿಗೆ ಸ್ವಲ್ಪ ಮುಂದೆ ಇನ್ನೊಂದು ದೃಶ್ಯ ಎದುರಾಯಿತು. ನಾಯಕ ಅವಳಿಗೊಂದು ಜಾಕೆಟ್ ಕೊಡುತ್ತಾನೆ. ಬೆನ್ನಿನ ಮೇಲೆ ‘ಪ್ರಾಪರ್ಟಿ ಆಫ್’ ಎಂದಿದೆ, ಕೆಳಗೆ ಅವನ ಹೆಸರು. ಇಂಥವನ ಸೊತ್ತು ಎಂದು! ಅವಳು ಸಂತೋಷದಿಂದ ಕಣ್ಣೀರು ಹಾಕುತ್ತಾಳೆ. ಸೊತ್ತು ಯಾವ ಖಾತೆಗೆ ಬರುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತು. ಅದನ್ನು ಕೊಳ್ಳಬಹುದು, ಮಾರಬಹುದು, ವರ್ಷ ವರ್ಷ ಸವಕಳಿ ಕಳೆದು ಬೆಲೆ ಇಳಿಸಬಹುದು. ಒಂದು ದಿನ ಪೂರ್ತಿ ಪುಸ್ತಕ ಮುಟ್ಟಲಿಲ್ಲ.

ನಾನು ಕೇಳಬೇಕಾಗಿರುವುದು ಎರಡು. ಆಸ್ಪತ್ರೆಯ ಆ ರಾತ್ರಿಯಂಥದ್ದು ಇರುವ ಪುಸ್ತಕಗಳನ್ನು ಹೇಗೆ ಹುಡುಕಲಿ, ಯಾವ ಕ್ರಮದಲ್ಲಿ ಓದಲಿ? ಮತ್ತು ಆ ಜಾಕೆಟ್ಟಿನ ಬರಹ ಬಂದಾಗ ನೀವು ಏನು ಮಾಡುತ್ತೀರಿ? ಕಣ್ಣು ಮುಚ್ಚಿ ದಾಟುತ್ತೀರಾ, ಅಥವಾ ನನಗೆ ಕಾಣದ ಅರ್ಥವೇನಾದರೂ ಅದರಲ್ಲಿ ಇದೆಯೇ?

ಮೂರನೇ ಓದು ಉತ್ತರಿಸಿದ್ದು:

ಜಮಾಖರ್ಚು ಅವರೇ, ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಆ ಕೈಚೀಲದ ಮಾತು ಮನಸ್ಸಿನಿಂದ ಹೋಗುತ್ತಿಲ್ಲ. ನಾನು ಎಂಟು ವರ್ಷಗಳಿಂದ ಈ ಬಗೆಯ ಪುಸ್ತಕಗಳನ್ನು ಓದುತ್ತಿದ್ದೇನೆ. ಮೆಚ್ಚಿದ್ದನ್ನು ಮೂರು ಸಲ ಓದದೆ ಬಿಡುವುದಿಲ್ಲ, ಅದಕ್ಕೇ ಈ ಹೆಸರು.

ಮೊದಲು ಕ್ರಮದ ಬಗ್ಗೆ ಹೇಳುತ್ತೇನೆ. ಇಲ್ಲಿ ಸರಣಿ ಎಂದರೆ ಸಾಮಾನ್ಯವಾಗಿ ಒಂದು ಕ್ಲಬ್. ಒಂದೊಂದು ಪುಸ್ತಕದಲ್ಲಿ ಆ ಕ್ಲಬ್ಬಿನ ಒಬ್ಬೊಬ್ಬನ ಪ್ರೇಮಕಥೆ ಇರುತ್ತದೆ: ಅಧ್ಯಕ್ಷ, ಉಪಾಧ್ಯಕ್ಷ, ಶಿಸ್ತು ಕಾಯುವ ಸಾರ್ಜೆಂಟ್, ದಾರಿ ನಿಶ್ಚಯಿಸುವ ರೋಡ್ ಕ್ಯಾಪ್ಟನ್. ಪ್ರತಿ ಪುಸ್ತಕವನ್ನೂ ಬಿಡಿಯಾಗಿ ಓದಬಹುದು ಎಂದು ಹಿಂಬದಿಯಲ್ಲಿ ಬರೆದಿರುತ್ತಾರೆ. ಪ್ರೇಮಕಥೆಯ ಮಟ್ಟಿಗೆ ಅದು ನಿಜ. ನಿಮಗೆ ಬೇಕಾಗಿರುವುದು ಮಾತ್ರ ಹಾಗೆ ಸಿಗುವುದಿಲ್ಲ. ಮೊದಲ ಪುಸ್ತಕದಲ್ಲಿ ನೆಲ ಒರೆಸುತ್ತಿದ್ದ ಪ್ರಾಸ್ಪೆಕ್ಟ್ ಹುಡುಗ ಐದನೆಯದರಲ್ಲಿ ನಾಯಕನಾಗುತ್ತಾನೆ, ಎರಡನೆಯದರಲ್ಲಿ ಮದುವೆಯಾದವಳು ನಾಲ್ಕನೆಯದರಲ್ಲಿ ಹೊಸಬಳಿಗೆ ಚಪ್ಪಲಿ ಬಿಚ್ಚಿ ಕೊಡುತ್ತಾಳೆ. ಆ ಬಳಗ ಬೆಳೆಯುವುದನ್ನು ನೋಡಬೇಕಾದರೆ ಒಂದರಿಂದಲೇ ಆರಂಭಿಸಬೇಕು. ನಿಮ್ಮ ಕೈಗೆ ಸಿಕ್ಕಿದ್ದು ಸರಣಿಯ ಎಷ್ಟನೆಯದು ಎಂದು ಒಮ್ಮೆ ನೋಡಿ.

ಈ ಬಗೆ ಬಹಳ ಹಳೆಯದೂ ಅಲ್ಲ. ಮೋಟರ್‌ಸೈಕಲ್ ಸವಾರ ನಾಯಕನಾಗಿರುವ ಕಥೆಗಳು ಹಿಂದೆಯೂ ಇದ್ದವು, ಆದರೆ ಇಡೀ ಕ್ಲಬ್ಬನ್ನೇ ಮನೆಯಂತೆ ಕಟ್ಟಿ ಅದರೊಳಗೆ ಪ್ರೇಮಕಥೆ ಹೇಳುವ ರೂಢಿ ಬಲವಾದದ್ದು 2010ರ ನಂತರ. ಅಮೆರಿಕದ ಟಿವಿಯಲ್ಲಿ 2008ರಿಂದ 2014ರವರೆಗೆ ಬಂದ ‘ಸನ್ಸ್ ಆಫ್ ಅನಾರ್ಕಿ’ ಧಾರಾವಾಹಿ ಕಟ್, ಚರ್ಚ್, ಓಲ್ಡ್ ಲೇಡಿ ಮುಂತಾದ ಪದಗಳನ್ನು ಮನೆಮನೆಗೆ ತಲುಪಿಸಿತು. ಅದೇ ಹೊತ್ತಿಗೆ ಪ್ರಕಾಶಕರನ್ನು ಕಾಯದೆ ಲೇಖಕಿಯರೇ ಇ-ಪುಸ್ತಕ ಪ್ರಕಟಿಸುವ ದಾರಿಯೂ ತೆರೆದುಕೊಂಡಿತ್ತು. ಕ್ರಿಸ್ಟನ್ ಆಶ್ಲಿ ಅವರ ‘ಮೋಟರ್‌ಸೈಕಲ್ ಮ್ಯಾನ್’ 2012ರಲ್ಲಿ ಬಂತು, ಜೊಯಾನಾ ವೈಲ್ಡ್ ಅವರ ‘ರೀಪರ್ಸ್ ಪ್ರಾಪರ್ಟಿ’ 2013ರಲ್ಲಿ. ಎರಡನ್ನೂ ಹೆಸರಿಸಲು ಕಾರಣವಿದೆ. ಮೊದಲನೆಯದರ ನಾಯಕಿ ಕ್ಲಬ್ಬಿನ ಗ್ಯಾರೇಜಿನ ಕಚೇರಿ ನೋಡಿಕೊಳ್ಳುವವಳು, ನಿಮಗೆ ಅವಳ ಮೇಜು ಪರಿಚಿತವೆನಿಸುತ್ತದೆ. ಎರಡನೆಯದರಲ್ಲಿ ಸೋದರ ಕ್ಲಬ್ಬಿಗೆ ಸಲ್ಲಿಸಬೇಕಾದ ಹಣಕ್ಕೆ ಸೋದರಿಯೇ ಒತ್ತೆಯಾಗುತ್ತಾಳೆ, ಆ ‘ಸೊತ್ತು’ ಎಂಬ ಪದ ಹೆಸರಿನಲ್ಲಿಯೇ ಇದೆ. ನೀವು ಈಗ ಇರುವ ಮನಃಸ್ಥಿತಿಯಲ್ಲಿ ಮೊದಲನೆಯದನ್ನು ಓದಿ, ಎರಡನೆಯದನ್ನು ಸದ್ಯಕ್ಕೆ ಬಿಡಿ.

ಇನ್ನೊಂದು ಮಾತು: ‘ಡಾರ್ಕ್’ ಎಂದು ಬರೆದಿದ್ದರೆ ಪುಸ್ತಕದ ಆರಂಭದ ಎಚ್ಚರಿಕೆಯ ಪುಟವನ್ನು ದಾಟಿಸಬೇಡಿ. ಅಪಹರಣ, ಬಲವಂತ, ಚಿತ್ರಹಿಂಸೆ ಏನಿದೆ ಎಂದು ಬಹಳ ಲೇಖಕಿಯರು ಅಲ್ಲಿಯೇ ತಿಳಿಸಿರುತ್ತಾರೆ. ಕಾಮದ ದೃಶ್ಯಗಳು ಈ ಬಗೆಯಲ್ಲಿ ಬಿಚ್ಚುಮಾತಿನಲ್ಲಿಯೇ ಇರುತ್ತವೆ, ಅದು ನಿಮಗೆ ಈಗಾಗಲೇ ಗೊತ್ತಾಗಿರಬೇಕು.

ಜಾಕೆಟ್ಟಿನ ಬಗ್ಗೆ: ಕಥೆಯೊಳಗೆ ಆ ಬರಹ ಉಳಿದ ಗಂಡಸರಿಗೆ ಬರೆದದ್ದು. ಇವಳನ್ನು ಮುಟ್ಟಿದರೆ ಇಡೀ ಕ್ಲಬ್ಬನ್ನು ಮುಟ್ಟಿದಂತೆ ಎಂಬ ಎಚ್ಚರಿಕೆ ಅದು, ಅವಳಿಗೆ ರಕ್ಷಣೆ. ನನಗೂ ಆ ಪದ ಹಿತವಲ್ಲ. ನಾನು ನೋಡುವುದು ಬೇರೆಯದನ್ನು. ಜಾಕೆಟ್ ಹಾಕಿಕೊಂಡ ಮೇಲೆ ಅವಳ ಕಾರಿನ ಕೀಲಿ ಯಾರ ಬಳಿ ಇದೆ? ಅವಳ ಕೆಲಸ ಉಳಿಯಿತೇ? ಹಳೆಯ ಗೆಳತಿ ಮುಂದಿನ ಅಧ್ಯಾಯದಲ್ಲಿ ಬರುತ್ತಾಳೆಯೇ? ಈ ಮೂರೂ ಸರಿಯಿದ್ದರೆ ಆ ಪದವನ್ನು ಸಹಿಸಿಕೊಂಡು ಓದುತ್ತೇನೆ.

ಚೈನ್ ಎಣ್ಣೆ ಉತ್ತರಿಸಿದ್ದು:

ಮೇಡಂ, ನಾನು ಮೋಟರ್‌ಸೈಕಲ್ ದುರಸ್ತಿ ಮಾಡುವವನು. ಹೆಂಡತಿ ಈ ಪುಸ್ತಕಗಳನ್ನು ಗಟ್ಟಿಯಾಗಿ ಓದುತ್ತಾಳೆ, ನಾನು ಕೇಳುತ್ತೇನೆ, ಹಾಗಾಗಿ ಕಥೆಗಳೂ ಗೊತ್ತು. ಪ್ರೇಮದ ಬಗ್ಗೆ ಹೇಳುವಷ್ಟು ತಿಳಿದವನಲ್ಲ, ಕ್ಲಬ್ಬುಗಳ ಬಗ್ಗೆ ಹೇಳಬಲ್ಲೆ.

ಅಮೆರಿಕದಲ್ಲಿ ಎರಡನೆಯ ಮಹಾಯುದ್ಧ ಮುಗಿದ ಮೇಲೆ ಮರಳಿದ ಸೈನಿಕರಲ್ಲಿ ಅನೇಕರು ಇಂಥ ಕ್ಲಬ್ಬುಗಳನ್ನು ಸೇರಿದರು. ಯುದ್ಧದಲ್ಲಿ ಪಕ್ಕದವನನ್ನು ನಂಬಿ ಬದುಕಿದವರಿಗೆ ಹಾಗೆಯೇ ನಂಬಬಹುದಾದ ಗುಂಪು ಬೇಕಾಗಿತ್ತು. 1947ರ ಜುಲೈನಲ್ಲಿ ಕ್ಯಾಲಿಫೋರ್ನಿಯಾದ ಹಾಲಿಸ್ಟರ್ ಎಂಬ ಸಣ್ಣ ಊರಿನ ರ‍್ಯಾಲಿಯಲ್ಲಿ ಗಲಾಟೆಯಾಯಿತು. ‘ಲೈಫ್’ ಪತ್ರಿಕೆ ಬಿಯರ್ ಬಾಟಲಿಗಳ ನಡುವೆ ಬೈಕಿನ ಮೇಲೆ ಕುಳಿತವನೊಬ್ಬನ ಚಿತ್ರ ಹಾಕಿತು. ಅದು ಬೇಕೆಂದೇ ಜೋಡಿಸಿ ತೆಗೆದ ಚಿತ್ರ ಎನ್ನುವವರು ಬಹಳ ಇದ್ದಾರೆ, ಆದರೆ ಬೈಕರ್ ಎಂದರೆ ಕೇಡಿಗ ಎಂಬ ಭಾವನೆ ಆಗಲೇ ಬೇರೂರಿತು. ಹೆಲ್ಸ್ ಏಂಜಲ್ಸ್ ಎಂಬ ಹೆಸರಾಂತ ಕ್ಲಬ್ ಹುಟ್ಟಿದ್ದು ಮರುವರ್ಷ, 1948ರಲ್ಲಿ. ಪುಸ್ತಕಗಳಲ್ಲಿ ಬರುವ ‘ಒನ್ ಪರ್ಸೆಂಟರ್’ ಎಂಬ ಮಾತಿಗೆ ಒಂದು ಕಥೆ ಹೇಳುತ್ತಾರೆ. ನೂರಕ್ಕೆ 99 ಸವಾರರು ಕಾನೂನು ಪಾಲಿಸುವವರು ಎಂದು ಅಮೆರಿಕನ್ ಮೋಟರ್‌ಸೈಕ್ಲಿಸ್ಟ್ ಅಸೋಸಿಯೇಷನ್ ಹೇಳಿತಂತೆ, ಉಳಿದ ಒಬ್ಬರು ನಾವೇ ಎಂದು ಇವರು ಎದೆಗೆ ಪಟ್ಟಿ ಹೊಲಿದುಕೊಂಡರಂತೆ. ಹಾಗೆ ಹೇಳಿದ್ದಕ್ಕೆ ದಾಖಲೆಯಿಲ್ಲ ಎನ್ನುತ್ತದೆ ಆ ಸಂಸ್ಥೆ. ಪಟ್ಟಿ ಮಾತ್ರ ಇಂದಿಗೂ ಇದೆ.

ಬೆನ್ನಿನ ಲಾಂಛನಕ್ಕೆ ಮೂರು ಭಾಗ: ಮೇಲಿನ ಕಮಾನಿನಲ್ಲಿ ಕ್ಲಬ್ಬಿನ ಹೆಸರು, ನಡುವೆ ಚಿತ್ರ, ಕೆಳಗಿನ ಕಮಾನಿನಲ್ಲಿ ಪ್ರದೇಶದ ಹೆಸರು. ಆ ಕೆಳಗಿನ ಪಟ್ಟಿಗಾಗಿ ನಿಜವಾಗಿಯೂ ಜನ ಸತ್ತಿದ್ದಾರೆ. 2015ರ ಮೇ 17ರಂದು ಟೆಕ್ಸಸ್‌ನ ವೇಕೋದಲ್ಲಿ ಕ್ಲಬ್ಬುಗಳ ಹೊಡೆದಾಟ ಮತ್ತು ಪೊಲೀಸರ ಗುಂಡಿನ ನಡುವೆ 9 ಜನರ ಪ್ರಾಣ ಹೋಯಿತು. ‘ಟೆಕ್ಸಸ್’ ಎಂಬ ಪಟ್ಟಿ ಧರಿಸುವ ಹಕ್ಕು ಆ ಜಗಳದ ಒಂದು ಕಾರಣ ಎಂದು ಆಗ ವರದಿಯಾಗಿತ್ತು. ಕಥೆಯಲ್ಲಿ ಕ್ಲಬ್ ಎಷ್ಟು ಬೆಚ್ಚಗಿದ್ದರೂ ಇದನ್ನು ಮರೆಯಬಾರದು ಎಂದು ಹೆಂಡತಿಗೂ ಹೇಳುತ್ತೇನೆ.

ನಿಮ್ಮ ಪ್ರಶ್ನೆಗೆ ಹತ್ತಿರದ ಒಂದು ಸಂಗತಿ ಇದೆ. ಗಂಡಸು ಧರಿಸುವ ಆ ಲಾಂಛನವೂ ಅವನದಲ್ಲ, ಅದು ಕ್ಲಬ್ಬಿನ ಸೊತ್ತು. ಬಿಟ್ಟು ಹೋಗುವವನು, ಹೊರಹಾಕಿಸಿಕೊಂಡವನು ಅದನ್ನು ಬಿಚ್ಚಿ ಒಪ್ಪಿಸಬೇಕು. ಹೆಂಗಸಿನ ಬೆನ್ನ ಮೇಲೆ ಗಂಡಸಿನ ಹೆಸರು, ಗಂಡಸಿನ ಬೆನ್ನ ಮೇಲೆ ಕ್ಲಬ್ಬಿನ ಹೆಸರು. ಇದರಿಂದ ಆ ಪದ ಸರಿ ಎಂದಾಗುವುದಿಲ್ಲ. ಆದರೆ ಆ ಲೋಕದಲ್ಲಿ ಯಾರ ಬೆನ್ನೂ ಖಾಲಿಯಿಲ್ಲ.

ಮತ್ತು ದಯವಿಟ್ಟು ಇದನ್ನೂ ತಿಳಿದುಕೊಳ್ಳಿ: ಹೆಂಗಸರು ಹಿಂದಿನ ಸೀಟಿನಲ್ಲಿ ಮಾತ್ರ ಇದ್ದರು ಎಂಬುದು ಸುಳ್ಳು. ಇಂಥ ಕ್ಲಬ್ಬುಗಳು ಅವರನ್ನು ಸದಸ್ಯರಾಗಿ ಸೇರಿಸಿಕೊಳ್ಳುವುದಿಲ್ಲ, ಅದು ನಿಜ. ಆದರೆ ಹೆಲ್ಸ್ ಏಂಜಲ್ಸ್‌ಗಿಂತ ಎಂಟು ವರ್ಷ ಮೊದಲೇ, 1940ರಲ್ಲಿ, ‘ಮೋಟರ್ ಮೇಡ್ಸ್’ ಎಂಬ ಹೆಂಗಸರ ಕ್ಲಬ್ ಹುಟ್ಟಿತ್ತು. ಅದು ಇಂದಿಗೂ ಇದೆ. 1916ರಲ್ಲಿ ವ್ಯಾನ್ ಬ್ಯೂರೆನ್ ಸಹೋದರಿಯರಿಬ್ಬರು, ಆಗಸ್ಟಾ ಮತ್ತು ಆಡಲೈನ್, ತಮ್ಮ ತಮ್ಮ ಬೈಕಿನಲ್ಲಿ ಅಮೆರಿಕದ ಒಂದು ಕರಾವಳಿಯಿಂದ ಇನ್ನೊಂದಕ್ಕೆ ಹೋಗಿದ್ದರು. ಇವರನ್ನಿಟ್ಟುಕೊಂಡು ಪ್ರೇಮಕಥೆ ಬರೆದರೆ ನಾನೇ ಗಟ್ಟಿಯಾಗಿ ಓದಿ ಹೆಂಡತಿಗೆ ಕೇಳಿಸುತ್ತೇನೆ.

ಆಸ್ಪತ್ರೆಯ ಕಿಟಕಿಯ ಕೆಳಗೆ ಆ 23 ಬೈಕುಗಳು ಗೋಡೆಗೆ ಬೆನ್ನು ಮಾಡಿ ನಿಂತಿದ್ದವೇ? ಹಾಗೆ ಬರೆದಿದ್ದರೆ ಲೇಖಕಿಗೆ ವಿಷಯ ಗೊತ್ತಿದೆ. ತಕ್ಷಣ ಹೊರಡಲು ಆಗುವಂತೆ ಹಿಮ್ಮುಖವಾಗಿ ನಿಲ್ಲಿಸುವುದು ಗುಂಪಿನಲ್ಲಿ ಸವಾರಿ ಮಾಡುವವರ ರೂಢಿ.

ಕೊನೆಯ ಪುಟ ಉತ್ತರಿಸಿದ್ದು:

ಮೂರನೇ ಓದು ಅವರ ಮಾತನ್ನು ಗೌರವಿಸುತ್ತೇನೆ, ಆದರೆ ‘ರಕ್ಷಣೆ’ ಎಂಬ ಉತ್ತರ ನನಗೆ ಸಾಲದು. ನನ್ನ ಮದುವೆಯಲ್ಲಿಯೂ ಅದೇ ಪದ ಬಳಕೆಯಲ್ಲಿತ್ತು. ನನ್ನ ಫೋನಿನ ಪಾಸ್‌ವರ್ಡ್ ಅವನಿಗೆ ಗೊತ್ತಿರಬೇಕಾಗಿದ್ದದ್ದು ನನ್ನ ರಕ್ಷಣೆಗೆ. ನಾನು ಯಾವ ಬಸ್ಸಿನಲ್ಲಿ ಬರುತ್ತೇನೆ ಎಂದು ತಿಳಿಸಬೇಕಾಗಿದ್ದದ್ದೂ ನನ್ನ ರಕ್ಷಣೆಗೆ. ಆರು ವರ್ಷಗಳ ನಂತರ ಹೊರಬಂದೆ. ಹಾಗಿದ್ದೂ ಈ ಪುಸ್ತಕಗಳನ್ನು ಓದುತ್ತೇನೆ. ಇದು ಹೇಗೆ ಸಾಧ್ಯ ಎಂದು ನನ್ನ ಗೆಳತಿ ಬೇಸರದಿಂದಲೇ ಕೇಳಿದ್ದಳು. ಅವಳಿಗೆ ಕೊಟ್ಟ ಉತ್ತರವನ್ನೇ ಇಲ್ಲಿ ಬರೆಯುತ್ತೇನೆ.

ನಾನು ಕೊನೆಯ ಪುಟವನ್ನು ಮೊದಲು ಓದುತ್ತೇನೆ. ಪ್ರೇಮಕಾದಂಬರಿ ಎಂದ ಮೇಲೆ ಕೊನೆ ಒಳ್ಳೆಯದೇ ಆಗುತ್ತದೆ ಎಂದು ಗೊತ್ತು, ಆದರೂ ಕಣ್ಣಿಂದ ನೋಡಬೇಕು. ಅವಳು ಅಲ್ಲಿ ನಗುತ್ತಿದ್ದಾಳೆಯೇ, ಏನು ಮಾಡುತ್ತಿದ್ದಾಳೆ, ಯಾರ ಜತೆ ಮಾತಾಡುತ್ತಿದ್ದಾಳೆ? ಆಮೇಲೆ ಮೊದಲಿನಿಂದ ಓದುತ್ತ ಅವಳು ಮೊದಲ ಸಲ ‘ಬೇಡ’ ಎನ್ನುವ ಜಾಗಕ್ಕೆ ಕಾಯುತ್ತೇನೆ. ದೊಡ್ಡ ವಿಷಯವೇ ಆಗಬೇಕಿಲ್ಲ. ಬೈಕ್ ಹತ್ತುವುದಿಲ್ಲ, ಇವತ್ತು ಊಟಕ್ಕೆ ಬರುವುದಿಲ್ಲ, ಅಷ್ಟೇ ಆಗಬಹುದು. ಆ ಕ್ಷಣದಲ್ಲಿ ಆರು ಅಡಿಯ, ಎಲ್ಲರೂ ಹೆದರುವ, ಕೈತುಂಬ ಹಚ್ಚೆಯ ಆ ಮನುಷ್ಯ ಏನು ಮಾಡುತ್ತಾನೆ ಎಂದು ನೋಡುತ್ತೇನೆ. ಅವನು ನಿಂತರೆ ನಾನು ಮುಂದುವರಿಯುತ್ತೇನೆ. ನಕ್ಕು ಅವಳನ್ನು ಎತ್ತಿ ಕೂರಿಸಿಕೊಂಡು ಹೊರಟರೆ ಪುಸ್ತಕ ಅಲ್ಲಿಗೆ ಮುಗಿಯಿತು, ಎಷ್ಟು ಜನ ಅದನ್ನು ಹೊಗಳಿದ್ದರೂ ಸರಿ. ಅಷ್ಟು ಬಲವಿರುವವನು ಒಂದೇ ಒಂದು ‘ಬೇಡ’ಕ್ಕೆ ನಿಲ್ಲುವುದನ್ನು ಓದುವಾಗ ನನಗೆ ಆಗುವ ನೆಮ್ಮದಿ ಬೇರೆ ಯಾವ ಪುಸ್ತಕದಲ್ಲೂ ಸಿಕ್ಕಿಲ್ಲ. ಕರುಣಾಮಯಿಯಾದ ಸಾಧು ನಾಯಕ ನಿಂತರೆ ಅದರಲ್ಲಿ ನನಗೆ ಏನೂ ತಿಳಿಯುವುದಿಲ್ಲ.

ಜಮಾಖರ್ಚು ಅವರೇ, ಆ ಪದವನ್ನು ಒಪ್ಪಿಕೊಳ್ಳಬೇಕೆಂದು ಯಾರೂ ನಿಮ್ಮನ್ನು ಒತ್ತಾಯಿಸಲಾರರು. ಜಾಕೆಟ್ಟಿನ ಪುಟ ನಿಮಗೆ ಸರಿ ಕಾಣಲಿಲ್ಲ, ಆಸ್ಪತ್ರೆಯ ಪುಟ ಬೇಕಾಗಿತ್ತು. ಒಂದೇ ಪುಸ್ತಕದಲ್ಲಿ ಎರಡೂ ಇದ್ದವು. ಜಾಕೆಟ್ ಕೊಡುವ ಮೊದಲು ಅವನು ಅವಳನ್ನು ಕೇಳಿದನೇ, ಅಷ್ಟು ಹೇಳುತ್ತೀರಾ?

ಜಮಾಖರ್ಚು ಉತ್ತರಿಸಿದ್ದು:

ಎಲ್ಲರಿಗೂ ಧನ್ಯವಾದಗಳು. ಉತ್ತರಿಸಲು ನಾಲ್ಕು ದಿನ ತಡವಾಯಿತು, ಪುಸ್ತಕವನ್ನು ಮೊದಲಿನಿಂದ ಮತ್ತೆ ಓದಬೇಕಾಗಿತ್ತು.

ಕೊನೆಯ ಪುಟ ಅವರೇ, ಇಲ್ಲ, ಅವನು ಕೇಳಲಿಲ್ಲ. ಜಾಕೆಟ್ಟನ್ನು ಅವಳ ಮೇಜಿನ ಮೇಲಿಟ್ಟು ಹೊರಗೆ ಹೋದ. ಆದರೆ ಮೊದಲ ಓದಿನಲ್ಲಿ ಸಿಟ್ಟಿನಿಂದ ಒಂದು ಸಾಲನ್ನು ದಾಟಿಬಿಟ್ಟಿದ್ದೆ. ಅವಳು ಅದನ್ನು ಆ ದಿನ ಹಾಕಿಕೊಳ್ಳುವುದಿಲ್ಲ. ಕುರ್ಚಿಯ ಬೆನ್ನಿಗೆ ನೇತುಹಾಕಿ ಆ ತಿಂಗಳ ಲೆಕ್ಕ ಮುಗಿಸುತ್ತಾಳೆ. ಹನ್ನೊಂದು ದಿನ ಅದು ಅಲ್ಲೇ ಇರುತ್ತದೆ. ಅವನು ದಿನವೂ ಬಂದು ನೋಡಿ ಏನೂ ಹೇಳದೆ ಹೋಗುತ್ತಾನೆ. ನಿಮ್ಮ ಅಳತೆಯಲ್ಲಿ ಇದು ನಿಂತಂತೆಯೇ? ನನಗೆ ಅರ್ಧ ನಿಂತಂತೆ ಕಾಣುತ್ತದೆ. ಆ ಬರಹದ ಮೇಲಿನ ನನ್ನ ಆಕ್ಷೇಪ ಹಾಗೆಯೇ ಇದೆ, ಬಿಡುವುದಿಲ್ಲ.

ಚೈನ್ ಎಣ್ಣೆ ಅವರೇ, ಹೌದು, ಬೈಕುಗಳು ಗೋಡೆಗೆ ಬೆನ್ನು ಮಾಡಿಯೇ ನಿಂತಿದ್ದವು. ‘ದೀಪಗಳೆಲ್ಲ ರಸ್ತೆಯ ಕಡೆ ನೋಡುತ್ತಿದ್ದವು’ ಎಂಬ ಅರ್ಥದ ಸಾಲಿದೆ. ನೀವು ಹೇಳದಿದ್ದರೆ ಅದು ಬರಿಯ ವರ್ಣನೆ ಎಂದುಕೊಳ್ಳುತ್ತಿದ್ದೆ. ಗಂಡಸಿನ ಲಾಂಛನವೂ ಅವನದಲ್ಲ ಎಂಬುದನ್ನು ನನ್ನ ಹಾಳೆಯಲ್ಲಿ ಬರೆದುಕೊಂಡಿದ್ದೇನೆ.

ಮೂರನೇ ಓದು ಅವರೇ, ನನ್ನದು ಸರಣಿಯ ಮೂರನೆಯ ಪುಸ್ತಕವಂತೆ, ಅಕ್ಕನ ಮಗಳನ್ನು ಕೇಳಿದೆ. ಮೊದಲೆರಡನ್ನು ಅವಳು ನಾಳೆ ಹಾಕಿಕೊಡುತ್ತಾಳೆ. ನೀವು ಹೇಳಿದ ಗ್ಯಾರೇಜಿನ ಕಥೆ ‘ಮೋಟರ್‌ಸೈಕಲ್ ಮ್ಯಾನ್’ನಲ್ಲಿ ಈಗ ನೂರಕ್ಕೆ 38ರಷ್ಟು ಬಂದಿದ್ದೇನೆ. ಅವಳ ಕಾರಿನ ಕೀಲಿಯ ಮೇಲೆ ಕಣ್ಣಿಟ್ಟಿದ್ದೇನೆ.

ಎರಡನೆಯ ಓದಿನಲ್ಲಿ ಕಂಡ ಇನ್ನೊಂದು ಸಂಗತಿ ಇದೆ. ಲೆಕ್ಕದ ಪುಸ್ತಕ ಒಳಗೆ ಹೋಗಿ ನಾಯಕಿ ಬಾಗಿಲ ಹೊರಗೆ ನಿಂತ ದೃಶ್ಯದಲ್ಲಿ ಅವಳು ಒಬ್ಬಳೇ ಇದ್ದಳು ಎಂದೇ ನನ್ನ ನೆನಪಾಗಿತ್ತು. ಹಾಗಿಲ್ಲ. ಅಧ್ಯಕ್ಷನ ಹೆಂಡತಿ ಅಡುಗೆಮನೆಯಿಂದ ಎರಡು ಕುರ್ಚಿ ಎಳೆದು ತರುತ್ತಾಳೆ. ಒಂದರಲ್ಲಿ ಇವಳನ್ನು ಕೂರಿಸಿ, ಇನ್ನೊಂದರಲ್ಲಿ ತಾನು ಕೂರುತ್ತಾಳೆ. ಒಳಗಿನವರು ಬಾಗಿಲು ತೆರೆದು ಹೊರಬರುವವರೆಗೂ ಏಳುವುದಿಲ್ಲ. ವಯಸ್ಸು 61, ಮೊಣಕಾಲು ನೋವು, 30 ವರ್ಷಗಳಿಂದ ಆ ಬಾಗಿಲ ಹೊರಗೇ ಇದ್ದವಳು. ಮುಂದೆ ಆಸ್ಪತ್ರೆಯಲ್ಲಿ ಚಪ್ಪಲಿ ಬಿಚ್ಚಿ ಕೊಟ್ಟವಳೂ ಇವಳೇ. ಸರಣಿಯಲ್ಲಿ ಇವಳ ಹೆಸರಿನ ಪುಸ್ತಕವಿಲ್ಲವಂತೆ. ಬೇರೆ ಯಾವುದಾದರೂ ಕ್ಲಬ್ಬಿನಲ್ಲಿ ಇಂಥವಳನ್ನೇ ನಾಯಕಿಯಾಗಿಟ್ಟು ಬರೆದ ಕಥೆ ನಿಮ್ಮಲ್ಲಿ ಯಾರಿಗಾದರೂ ಗೊತ್ತಿದೆಯೇ?